ಇಪ್ಪತ್ತೇಳನೇ ಪುಟದ ಗುಂಡಿ

ಚೆಟ್ಟಳ್ಳಿ
19 ಜನವರಿ 2025

ಚಿ. ಮಾನಸಳಿಗೆ,

ಮನೆಗೊಂದು ಫೋನ್ ಇರುವ ಕಾಲದಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯಲ್ಲ, ನಿನಗೆ ಬೇರೆ ಕೆಲಸ ಇಲ್ಲವಾ? ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಕಾಫಿ ಕೊಯ್ಲು ನಡೆಯುತ್ತಾ ಇದೆ, ಕಣದ ತುಂಬ ಹಣ್ಣು ಬಿದ್ದಿದೆ, ಅದನ್ನು ಬಿಟ್ಟು ನಿನ್ನ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಂತೆ. ನಿನ್ನ ಅಮ್ಮ ಊಟದ ತಟ್ಟೆಯ ಪಕ್ಕದಲ್ಲೇ ಕಾಗದ ತಂದಿಟ್ಟಳು. "ಬರ್ದ್ಬಿಡಿ ಮಾವ. ಇಲ್ದಿದ್ರೆ ಅವ್ಳು ದಿನಾ ನನ್ ತಲೆ ತಿಂತಾಳೆ" ಅಂದಳು. ಫೋನಿನಲ್ಲೇ ಹೇಳೋಣವೆಂದರೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯ ಸಿಲ್ವರ್ ಓಕ್ ಮರಗಳ ಹತ್ತಿರ ಮಾತ್ರ. ನನ್ನ ಮಂಡಿಗೆ ಅಲ್ಲಿಯವರೆಗೆ ಹತ್ತುವ ಹುಚ್ಚಿಲ್ಲ. ಹತ್ತಿದರೂ ನನ್ನ ಕಿವಿಗೆ ಅರ್ಧ ಕೇಳುವುದಿಲ್ಲ.

ನೀನು ಕಳಿಸಿದ ಚಿತ್ರದ ಪುಟಗಳನ್ನು ನೋಡಿದೆ. ಕತೆ ನನಗೆ ತಿಳಿದಷ್ಟು ಇಷ್ಟು. ಲೋಕದಲ್ಲಿ ಏನೋ ರೋಗ ಬಂದು ಕರೆಂಟು, ಅಂಗಡಿ, ಬಸ್ಸು ಎಲ್ಲ ಹೋಗಿದೆ. ಹನ್ನೆರಡು ಮಳೆಗಾಲ ಕಳೆದಿದೆ. ನಮ್ಮ ಗುಡ್ಡದ ಮೇಲೆ ಒಬ್ಬ ಮುದುಕ, ಅವನ ಮೊಮ್ಮಗಳು, ಇನ್ನೊಂದಷ್ಟು ಜನ ಬದುಕಿದ್ದಾರೆ. ಜಪಾನಿನವರು ಹೀಗೇ ಬರೆಯುತ್ತಾರಂತೆ, ಅದಕ್ಕೆ ಮಾಂಗಾ ಅನ್ನುತ್ತಾರಂತೆ. ಲೋಕ ಮುಗಿದ ಕತೆಯಾದರೂ ಅದರಲ್ಲಿ ವಿಜ್ಞಾನ ಸುಳ್ಳಾಗಬಾರದು, ನಡೆಯುವಂಥದ್ದನ್ನೇ ಬರೆಯಬೇಕು ಅನ್ನುವುದು ನಿನ್ನ ಹಟ. ಸರಿ, ನಿನ್ನ ಸುಳ್ಳುಗಳನ್ನು ಹೇಳುತ್ತೇನೆ ಕೇಳು.

ಹನ್ನೆರಡು ವರ್ಷ ನಿಂತ ಜೀಪು ಕೀಲಿ ತಿರುಗಿಸಿದ ತಕ್ಷಣ ಹೊರಟಿದೆ. ನಿನ್ನ ಅಪ್ಪ ಓಡಿಸುವ ಜೀಪು ಒಂದು ಮಳೆಗಾಲ ಶೆಡ್ಡಿನಲ್ಲಿ ನಿಂತರೆ ಬ್ಯಾಟರಿ ಸತ್ತು, ಟ್ಯಾಂಕಿನೊಳಗೆ ತುಕ್ಕು ಹಿಡಿದು, ಸೀಟಿನೊಳಗೆ ಇಲಿ ಮರಿ ಹಾಕಿರುತ್ತದೆ. ಕಾಫಿ ಗಿಡ ಸೊಂಟದೆತ್ತರಕ್ಕೆ ಅಚ್ಚುಕಟ್ಟಾಗಿ ನಿಂತಿದೆ. ಯಾರು ಕತ್ತರಿಸಿದರು? ಬಿಟ್ಟ ತೋಟದಲ್ಲಿ ರೋಬಸ್ಟ ಮನೆಯೆತ್ತರ ಹೋಗಿ, ಲಂಟಾನದ ಮುಳ್ಳುಪೊದೆ ನುಗ್ಗಿ, ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಹುಡುಗಿ ಜುಲೈ ತಿಂಗಳಲ್ಲಿ ಬರಿಗಾಲಲ್ಲಿ ತೋಟ ಸುತ್ತಿ ಬಂದಿದ್ದಾಳೆ, ಕಾಲಿಗೆ ಒಂದು ಜಿಗಣೆಯೂ ಹತ್ತಿಲ್ಲ. ಆಮೇಲೆ ಉಪ್ಪು. ಅವರ ಅಡುಗೆಗೆ ಉಪ್ಪು ಎಲ್ಲಿಂದ ಬಂತು? ನಮ್ಮ ಜಿಲ್ಲೆಯಲ್ಲಿ ಎಲ್ಲಿ ತೋಡಿದರೂ ಒಂದು ಹರಳು ಉಪ್ಪು ಸಿಗುವುದಿಲ್ಲ. ಘಟ್ಟ ಇಳಿದು ಹೋಗಿ ತರಬೇಕು. ಅದನ್ನು ಬರೆ.

ಮುದುಕನ ಮೂಗು ನನ್ನದರ ಹಾಗೆ ಇದೆ. ಅದು ಬೇಕಾಗಿರಲಿಲ್ಲ.

ನಿನ್ನ ತಾತ,
ಸಣ್ಣಸ್ವಾಮಿ

*

ಚೆಟ್ಟಳ್ಳಿ
16 ಮಾರ್ಚ್ 2025

ಚಿ. ಮಾನಸಳಿಗೆ,

ಶಿವರಾತ್ರಿಗೆ ಬಂದಾಗ ನಿನ್ನ ಅಮ್ಮನ ಫೋನಿಗೆ ತುಂಬಿಸಿಟ್ಟು ಹೋದ ಜಪಾನಿ ಅನಿಮೆ ಸಿನಿಮಾವನ್ನು ನಾನೂ ನಿನ್ನ ಅಮ್ಮನೂ, ಕೆಳಗಿನ ಎಸ್ಟೇಟಿನ ಕೂಲಿ ಲೈನಿನ ಚೋಮಿಯೂ ಕೂತು ನೋಡಿದೆವು. ಲೋಕವೇ ಹಾಳಾಗಿದೆ, ಆ ಹುಡುಗನ ಕೂದಲು ಮಾತ್ರ ಮುಳ್ಳುಹಂದಿಯ ಹಾಗೆ ಹಾಗೇ ನಿಂತಿದೆ. ಚೋಮಿ ಕೇಳಿದಳು, "ಇವ್ನಿಗೆ ಎಣ್ಣೆ ಯಾರು ಕೊಡ್ತಾರೆ ಗೌಡ್ರೆ? ನಮ್ಗೇ ಇಲ್ಲ." ಆದರೆ ಕೊಳಕು ನೀರನ್ನು ಮರಳು, ಇದ್ದಿಲು ಹಾಕಿ ಸೋಸಿ, ಆಮೇಲೂ ಕುದಿಸಿಯೇ ಕುಡಿದ ನೋಡು, ಅದನ್ನು ಅವಳೂ ಒಪ್ಪಿಕೊಂಡಳು. ಬರೆದವನು ಯಾರೋ ಹೊಟ್ಟೆನೋವು ಕಂಡವನೇ ಇರಬೇಕು.

ನೀರಿನ ವಿಷಯ ಕೇಳಿದ್ದೀಯ, ಸರಿಯಾದ ಹೊತ್ತಿಗೆ ಕೇಳಿದ್ದೀಯ. ನಮ್ಮ ಬಾವಿ ತಳ ಕಂಡಿದೆ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿಲ್ಲ. ಮೋಟಾರು ಹಾಕಿದರೆ ಕೆಸರು ಉಗುಳುತ್ತದೆ. ನಿನ್ನ ಕತೆಯ ಜನ ಬೇಸಿಗೆಯಲ್ಲಿ ಏನು ಮಾಡುತ್ತಾರೆ ಅಂದರೆ, ನಾವು ಮಾಡುವುದನ್ನೇ ಮಾಡಲಿ. ತೊಟ್ಟಿಲು ಗುಂಡಿ ತೋಡಲಿ. ಗಿಡದ ಸಾಲುಗಳ ನಡುವೆ ತೊಟ್ಟಿಲಷ್ಟು ಉದ್ದದ, ಮೊಣಕಾಲಷ್ಟು ಆಳದ ಗುಂಡಿ. ಒಂದು ಗುಂಡಿ ಆದಮೇಲೆ ಸ್ವಲ್ಪ ಮಣ್ಣು ಬಿಟ್ಟು ಇನ್ನೊಂದು. ಮಳೆ ನೀರು ಓಡಿಹೋಗದೆ ಅಲ್ಲೇ ನಿಂತು ಇಂಗುತ್ತದೆ, ಮೇಲ್ಮಣ್ಣೂ ಕೊಚ್ಚಿ ಹೋಗುವುದಿಲ್ಲ. ಕೊಡಗಿನಲ್ಲಿ ತೋಟ ಮಾಡಿದವರೆಲ್ಲ ತೋಡುತ್ತಾರೆ. ನಮ್ಮ ಮೂರು ಎಕರೆಯಲ್ಲಿ ಕೆಳಗಿನ ಅರ್ಧಕ್ಕೆ ಇದೆ. ನೆತ್ತಿಯ ಕಡೆ ಇಳಿಜಾರು ಜಾಸ್ತಿ ಅಂತ ತೋಡಿಲ್ಲ.

ನೀನು ಬರೆಯುವುದನ್ನೆಲ್ಲ ವಿಚಾರಿಸಿ, ಪುಸ್ತಕ ನೋಡಿಯೇ ಬರೆಯುತ್ತೀಯ ಅಂತ ನಿನ್ನ ಅಮ್ಮ ಹೆಮ್ಮೆಯಿಂದ ಹೇಳುತ್ತಾಳೆ. ಒಳ್ಳೆಯದು. ಊಟವನ್ನೂ ಹಾಗೇ ಸರಿಯಾಗಿ ಮಾಡು.

ನಿನ್ನ ತಾತ

*

ಮೈಸೂರು
6 ಏಪ್ರಿಲ್ 2025

ಪ್ರೀತಿಯ ತಾತನಿಗೆ,

ಉಪ್ಪಿನ ಅಧ್ಯಾಯ ಮುಗಿಯಿತು. ಘಟ್ಟ ಇಳಿದು ಹೋದ ಇಬ್ಬರಲ್ಲಿ ಒಬ್ಬನೇ ವಾಪಸ್ ಬರುತ್ತಾನೆ. ಕಾಲೇಜಿನಲ್ಲಿ ಓದಿದವರೆಲ್ಲ ಅತ್ತರು. ಜೀಪನ್ನು ಕೋಳಿಗೂಡು ಮಾಡಿದ್ದೇನೆ, ನಿಮಗೆ ಸಮಾಧಾನವಾಗಬಹುದು.

ಈ ಲಕೋಟೆಯಲ್ಲಿ ಇಪ್ಪತ್ತಾರು, ಇಪ್ಪತ್ತೇಳನೇ ಪುಟಗಳ ಕಲರ್ ಜೆರಾಕ್ಸ್ ಇದೆ. ಎರಡನ್ನೂ ಜೋಡಿಸಿ ನೋಡಿ, ಒಂದೇ ಚಿತ್ರ. ನಿಮ್ಮ ಗುಂಡಿಗಳೇ! ನೆತ್ತಿಯಿಂದ ಸ್ವಲ್ಪ ಕೆಳಗೆ, ಗುಡ್ಡದ ಸುತ್ತ ಸೊಂಟದ ಡಾಬಿನ ಹಾಗೆ ಬಂದಿವೆ. ಮಳೆ ನಿಂತ ಮೇಲೆ ಅದರಲ್ಲಿ ಆಕಾಶ ಕಾಣುತ್ತದೆ. ಮರುವರ್ಷ ಬೇಸಿಗೆಯಲ್ಲಿ ಬಾವಿ ಬತ್ತುವುದಿಲ್ಲ. ಕೆಳಗೆ ಚೋಮಕ್ಕನ ಲೈನ್ ಮನೆಯನ್ನೂ ಬರೆದಿದ್ದೇನೆ, ನೀಲಿ ಟಾರ್ಪಾಲು, ಬಾಗಿಲಲ್ಲಿ ಮಲಗಿದ ನಾಯಿ ಸಮೇತ. ಅವಳಿಗೆ ತೋರಿಸಿ.

ನನ್ನ ಗೆಳತಿಯರು ಹೇಳುತ್ತಾರೆ, ಇಷ್ಟು ನಿಜವಾಗಿರುವ ಮಾಂಗಾವನ್ನು ಓದಿಕೊಂಡು ನಾಳೆಯೇ ಕಾಡಿನಲ್ಲಿ ಬದುಕಬಹುದಂತೆ.

ನಿಮ್ಮ
ಮಾನಸ

*

ಚೆಟ್ಟಳ್ಳಿ
11 ಮೇ 2025

ಚಿ. ಮಾನಸಳಿಗೆ,

ಈ ಸಲ ನಾನಾಗಿಯೇ ಬರೆಯುತ್ತಿದ್ದೇನೆ, ಹಲ್ಲು ಕಿರಿಯಬೇಡ.

ನಿನ್ನ ಇಪ್ಪತ್ತೇಳನೇ ಪುಟವನ್ನು ಕ್ಯಾಲೆಂಡರಿನ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದೆ. ದಿನಾ ಕಾಫಿ ಕುಡಿಯುವಾಗ ಕಣ್ಣಿಗೆ ಬೀಳುತ್ತಿತ್ತು. ತೊಟ್ಟಿಲು ತೊಟ್ಟಿಲು ಅಂತ ತುಂಡು ಮಾಡದೆ ಒಂದೇ ಕಾಲುವೆಯ ಹಾಗೆ ಉದ್ದಕ್ಕೆ ತೋಡಿಸಿದ್ದೀಯಲ್ಲ, ಅದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಒಂದು ಹನಿ ನೀರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಇಳಿಜಾರು ಅಂತ ಬಿಟ್ಟಿದ್ದ ಜಾಗಕ್ಕೂ ನೀನು ದಾರಿ ತೋರಿಸಿದೆ. ಓದಿದವರು ಯೋಚನೆ ಮಾಡುವ ರೀತಿಯೇ ಬೇರೆ.

ಪಕ್ಕದ ತೋಟಕ್ಕೆ ಕೆರೆ ತೋಡಲು ಜೆಸಿಬಿ ಬಂದಿತ್ತು. ಬಿಡಲಿಲ್ಲ, ನೆತ್ತಿಗೆ ಹತ್ತಿಸಿದೆ. ನಿನ್ನ ಪುಟವನ್ನು ಡ್ರೈವರ್ ಕೈಗೇ ಕೊಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವ ಇಂಜಿನಿಯರ್ದು ತಾತ?" ಅಂದ. "ನನ್ನ ಮೊಮ್ಮಗಳದು, ತೋಡು" ಅಂದೆ. ಚಿತ್ರದಲ್ಲಿ ಇದ್ದ ಹಾಗೇ ಬಂದಿದೆ. ಈ ಕೊನೆಯಿಂದ ಆ ಕೊನೆಯವರೆಗೆ, ನಿನ್ನ ಅಪ್ಪನ ಎದೆಮಟ್ಟ ಆಳ.

ಮೊದಲ ಮಳೆಗೇ ನೀರು ನಿಂತಿತು. ಆಕಾಶ ಕಾಣುವುದೂ ನಿಜ. ಕೆಳಗಿನ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪನೂ ಬಂದು ನೋಡಿ, "ಗೌಡ್ರೆ, ಮೀನು ಬಿಡಿ" ಅಂದು ನಕ್ಕು ಹೋದ. ಹೊಟ್ಟೆಕಿಚ್ಚು.

ನಿನ್ನ ತಾತ,
ಸಣ್ಣಸ್ವಾಮಿ

*

ಮೈಸೂರು
22 ಜೂನ್ 2025

ಪ್ರೀತಿಯ ತಾತನಿಗೆ,

ಪರೀಕ್ಷೆಯ ಗಡಿಬಿಡಿಯಲ್ಲಿ ನಿಮ್ಮ ಮೇ ತಿಂಗಳ ಪತ್ರವನ್ನು ಓದಿ ನಕ್ಕು ಎತ್ತಿಟ್ಟುಬಿಟ್ಟಿದ್ದೆ. ಎಂಥ ಮಂಕು ನನಗೆ.

ನಿನ್ನೆ ಕಾಲೇಜಿನಲ್ಲಿ ನನ್ನ ಪುಟಗಳ ಪ್ರದರ್ಶನ ಇತ್ತು. ಭೂವಿಜ್ಞಾನ ಪಾಠ ಮಾಡುವ ಶ್ವೇತ ಮೇಡಂ ಬಂದಿದ್ದರು. ಇಪ್ಪತ್ತೇಳನೇ ಪುಟದ ಮುಂದೆ ತುಂಬ ಹೊತ್ತು ನಿಂತರು. "ಚೆನ್ನಾಗಿದೆ. ಆದರೆ ಈ ಜನ ಮರುವರ್ಷದ ಬೇಸಿಗೆ ನೋಡುವುದಿಲ್ಲ" ಅಂದರು. ಯಾಕೆ ಅಂದೆ. "ಇಷ್ಟು ಕಡಿದಾದ ಇಳಿಜಾರಿನ ಮೇಲೆ ಇಷ್ಟು ಉದ್ದಕ್ಕೆ ನೀರು ನಿಲ್ಲಿಸಿದರೆ ಅದೆಲ್ಲ ಒಳಗೆ ಇಳಿದು ಮಣ್ಣು ನೆನೆದು ಭಾರವಾಗುತ್ತದೆ. ಕೆಳಗಿನ ಬಂಡೆಯ ಹಿಡಿತ ಬಿಟ್ಟು ಗುಡ್ಡ ಜಾರುತ್ತದೆ. ಮೊದಲು ಹೋಗುವುದು ಈ ನೀಲಿ ಟಾರ್ಪಾಲಿನ ಮನೆ" ಅಂತ ಬೆರಳಿಟ್ಟು ತೋರಿಸಿದರು.

ತಾತ, ಗುಂಡಿಗಳನ್ನು ಜೋಡಿಸಿದ್ದಕ್ಕೆ ಯಾವ ಲೆಕ್ಕವೂ ಇರಲಿಲ್ಲ. ಯಾವ ಪುಸ್ತಕವನ್ನೂ ನೋಡಿರಲಿಲ್ಲ. ಎರಡು ಪುಟದ ಚಿತ್ರದಲ್ಲಿ ತುಂಡು ತುಂಡಾಗಿ ಚೆನ್ನಾಗಿ ಕಾಣಲಿಲ್ಲ, ಅದಕ್ಕೆ ಜೋಡಿಸಿದೆ. ಅಷ್ಟೇ. ಉಳಿದದ್ದನ್ನೆಲ್ಲ ವಿಚಾರಿಸಿದ್ದೆ, ಅದೊಂದನ್ನು ವಿಚಾರಿಸಲಿಲ್ಲ.

ಅಮ್ಮನಿಗೆ ಫೋನ್ ಮಾಡಿದರೆ ಹೋಗುತ್ತಿಲ್ಲ. ಸಿಗ್ನಲ್‌ಗೆ ಅಂತ ಅವಳು ನೆತ್ತಿ ಹತ್ತುವುದೂ ಬೇಡ. ಅಲ್ಲಿಗೆ ಯಾರೂ ಹೋಗಬೇಡಿ. ಚೋಮಕ್ಕನವರನ್ನು ಅಲ್ಲಿಂದ ಎಬ್ಬಿಸಿ.

ಮಾನಸ

*

ಚೆಟ್ಟಳ್ಳಿ
1 ಜುಲೈ 2025

ಮಾನಸಳಿಗೆ,

ನೀನು ಬರೆದೆ, ನಾನು ತೋಡಿದೆ, ಈಗ ತಪ್ಪಾಯಿತು ಅನ್ನುತ್ತೀಯ. ಚೆನ್ನಾಗಿ ಕಾಣಲಿ ಅಂತ ಜೋಡಿಸಿದೆಯಂತೆ! ಜೀಪು ಓಡಬಾರದು, ಉಪ್ಪು ಹುಟ್ಟಬಾರದು, ಗುಂಡಿ ಮಾತ್ರ ಕಣ್ಣಿಗೆ ಚೆಂದ ಇದ್ದರೆ ಸಾಕಾ? ನಾನು ಹೇಳಿದ್ದು ತೊಟ್ಟಿಲು. ತೊಟ್ಟಿಲು ಎಷ್ಟು ಉದ್ದ ಇರುತ್ತದೆ ಅಂತ ಗೊತ್ತಿಲ್ಲವಾ ನಿನಗೆ? ಅದರಲ್ಲಿ ಮಲಗಿದವಳಲ್ಲವಾ ನೀನು?

ಆ ಮೇಡಂ ನಮ್ಮ ಗುಡ್ಡ ನೋಡಿದ್ದಾರಾ? ಕಾಗದ ನೋಡಿ ಗುಡ್ಡ ಬೀಳುತ್ತದೆ ಅನ್ನುವುದು ಸುಲಭ. ಹದಿನೆಂಟನೇ ಇಸವಿಯ ಮಳೆಯಲ್ಲಿ ಆ ಕಡೆ ಊರಿಗೆ ಊರೇ ಹೋದಾಗಲೂ ನಮ್ಮ ಗುಡ್ಡದಿಂದ ಒಂದು ಕಲ್ಲು ಉರುಳಲಿಲ್ಲ. ನಮ್ಮ ಮನೆ ಪಕ್ಕದ ದಿಣ್ಣೆಯ ಮೇಲಿದೆ, ಅದಕ್ಕೆ ಏನೂ ಆಗುವುದಿಲ್ಲ. ಲೈನ್ ಮನೆ ನಮ್ಮದಲ್ಲ, ಎಸ್ಟೇಟಿನವರದು. ಮೂರು ಸಂಸಾರವನ್ನು ನಾನು ಯಾವ ಬಾಯಲ್ಲಿ ಎಬ್ಬಿಸಲಿ? ನನ್ನ ಮೊಮ್ಮಗಳ ಚಿತ್ರದಲ್ಲಿ ನೀವು ಸತ್ತಿದ್ದೀರಿ ಅಂತ ಹೇಳಲಾ?

ಬೇಕಾದರೆ ಮೇಡಂ ಹತ್ತಿರ ಒಂದು ಮಾತು ಕೇಳು. ಚೋಮಿಯ ಮನೆಯ ಹಿಂದಿನ ಒರತೆ ಯಾವಾಗಲೂ ಕನ್ನಡಿಯ ಹಾಗೆ ಇರುತ್ತದಲ್ಲ, ಈಗ ಕೆಂಪಗೆ ಬರುತ್ತಿದೆ. ಮಳೆಗಾಲದಲ್ಲಿ ಅದು ಮಾಮೂಲಿ ಅಂತ ನಾನು ಅಂದುಕೊಂಡಿದ್ದೇನೆ. ಸುಮ್ಮನೆ ಕೇಳು.

ಸಣ್ಣಸ್ವಾಮಿ

*

ಚೆಟ್ಟಳ್ಳಿ
18 ಜುಲೈ 2025

ಮಾನಸಳಿಗೆ,

ಅಂಚೆಯವನು ಎರಡು ವಾರದಿಂದ ಬಂದಿಲ್ಲ. ರಸ್ತೆಗೆ ಮರ ಬಿದ್ದಿದೆ ಅನ್ನುತ್ತಾರೆ. ನೀನು ಬರೆದದ್ದು ಎಲ್ಲೋ ಚೀಲದಲ್ಲಿ ಕೂತಿರಬೇಕು. ಇದನ್ನು ನಿನ್ನ ಅಪ್ಪನ ಕೈಯಲ್ಲಿ ಕಾಲುದಾರಿಯಲ್ಲಿ ಸಿದ್ದಾಪುರಕ್ಕೆ ಕಳಿಸಿ ಮೈಸೂರು ಬಸ್ಸಿನ ಕಂಡಕ್ಟರಿಗೆ ಕೊಡಿಸುತ್ತಿದ್ದೇನೆ. ಬಸ್‌ಸ್ಟ್ಯಾಂಡಿಗೆ ಹೋಗಿ ತಗೋ.

ಮೊನ್ನೆ ಬೆಳಿಗ್ಗೆ ನೆತ್ತಿಗೆ ಹೋಗಿದ್ದೆ. ಬೇಡ ಅಂದಿದ್ದೆ ನೀನು, ಗೊತ್ತು. ಕಾಲುವೆ ಖಾಲಿ ಇತ್ತು. ಹಿಂದಿನ ದಿನ ತುಂಬಿ ತುಳುಕುತ್ತಿದ್ದದ್ದು, ಮಳೆ ಒಂದು ಗಳಿಗೆಯೂ ಬಿಟ್ಟಿಲ್ಲ, ಆದರೂ ತಳದಲ್ಲಿ ಕೆಸರು ಬಿಟ್ಟರೆ ಹನಿ ನೀರಿಲ್ಲ. ದಡ ಎಲ್ಲೂ ಒಡೆದಿಲ್ಲ. ಅಷ್ಟು ನೀರು ಎಲ್ಲಿಗೆ ಹೋಯಿತು? ನೀನು ಹೇಳಬೇಕಾಗಿಲ್ಲ. ಗುಡ್ಡದ ಹೊಟ್ಟೆಯೊಳಕ್ಕೇ ಇಳಿದಿದೆ. ಕೆಳಗೆ ಇಳಿಯುವಾಗ ನೋಡಿದೆ, ಸಿಲ್ವರ್ ಮರ ಎರಡು ಕಣಿವೆಯ ಕಡೆ ವಾಲಿವೆ. ಬುಡದ ಹತ್ತಿರ ನೆಲ ಬಾಯಿಬಿಟ್ಟಿದೆ. ನನ್ನ ಕೈ ಇಟ್ಟೆ, ಒಂದು ಗೇಣು ಇದೆ.

ನೇರ ಲೈನಿಗೆ ಹೋದೆ. ಬೆಳ್ಯಪ್ಪನೂ ಅಲ್ಲೇ ಇದ್ದ.

"ಎಲ್ಲಾ ಏಳಿ. ನಮ್ಮ ಗೋದಾಮು ಖಾಲಿ ಇದೆ, ದಿಣ್ಣೆ ಮೇಲಿದೆ, ಅಲ್ಲಿಗೆ ಬನ್ನಿ" ಅಂದೆ.

"ಯಾಕ್ ಗೌಡ್ರೆ, ಮೀನು ಓಡಿ ಹೋದ್ವಾ?" ಅಂದ ಬೆಳ್ಯಪ್ಪ. "ಮ್ಯಾನೇಜರ್ ಹೇಳ್ದೆ ಲೈನ್ ಖಾಲಿ ಮಾಡ್ಸಿದ್ರೆ ನನ್ನ ಕೆಲ್ಸ ಹೋಗ್ತದೆ."

"ಗುಡ್ಡ ಬಂದ್ರೆ ನಿನ್ನ ಮ್ಯಾನೇಜರ್‌ನ ಕೇಳಿ ಬರ್ತದೇನೋ? ಕೊಡೆ ಮಡಚಿ ಆಚೆ ನಿಂತ್ಕೋ."

ಚೋಮಿ ಒಲೆಯ ಮುಂದಿಂದ ಏಳಲೇ ಇಲ್ಲ. "ನಾ ಹುಟ್ದಾಗಿಂದ ಇಲ್ಲೇ ಇದ್ದೀನಿ ಗೌಡ್ರೆ. ಮಳೆ ಬರ್ತದೆ, ಹೋಗ್ತದೆ. ಗೋದಾಮಲ್ಲಿ ಇಲಿ ಜೊತೆ ಮಲಗೋಕೆ ನಂಗೇನು?" ಎಷ್ಟು ಹೇಳಿದರೂ ಕೇಳಲಿಲ್ಲ. ನನಗೆ ಸಿಟ್ಟು ಬಂದು ಅವಳ ಪಾತ್ರೆಯನ್ನು ತೆಗೆದು ಅಂಗಳಕ್ಕೆ ಎಸೆದೆ. ಅವಳು ನನ್ನ ಕೊಡೆಯನ್ನು ಎಸೆದಳು.

ಕೊನೆಗೆ ಮನೆಗೆ ಬಂದು ಕ್ಯಾಲೆಂಡರಿನ ಪಕ್ಕದಿಂದ ನಿನ್ನ ಪುಟವನ್ನು ಕಿತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮತ್ತೆ ಇಳಿದೆ. ಬೇಸಿಗೆಯಲ್ಲಿ ಅವಳಿಗೆ ತೋರಿಸು ಅಂದಿದ್ದೆ ನೀನು, ನಾನು ತೋರಿಸಿರಲಿಲ್ಲ. ಒಲೆಯ ಬೆಳಕಿಗೆ ಹಿಡಿದೆ. ಅವಳು ಮೊದಲು ನಾಯಿಯನ್ನು ಕಂಡಳು. "ಅಯ್ಯೋ, ನಮ್ಮ ಕರಿಯ! ಕಿವಿ ಹರಿದಿರೋದೂ ಬರ್ದಿದೆ ಮಗು" ಅಂದಳು. ಆಮೇಲೆ ಟಾರ್ಪಾಲು. ಆಮೇಲೆ ಬೆರಳನ್ನು ನಿಧಾನಕ್ಕೆ ಮೇಲಕ್ಕೆ ಎಳೆದುಕೊಂಡು ಹೋಗಿ ಕಾಲುವೆಯ ಮೇಲೆ ನಿಲ್ಲಿಸಿದಳು. ಕೆಳಗಿನಿಂದ ಅವಳಿಗೆ ಅದು ಯಾವತ್ತೂ ಕಂಡಿರಲಿಲ್ಲ.

"ಇಷ್ಟು ದೊಡ್ಡದಾ? ನನ್ನ ತಲೆ ಮೇಲೇನಾ?"

"ಹೂಂ."

"ಯಾರು ತೋಡ್ಸಿದ್ದು?"

ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. ಒಲೆಗೆ ನೀರು ಹಾಕಿ ಎದ್ದಳು. ಅವಳು ಎದ್ದ ಮೇಲೆ ಉಳಿದವರೂ ಎದ್ದರು. ಬೆಳ್ಯಪ್ಪ ಬೈಯುತ್ತಲೇ ಒಂದು ಅಕ್ಕಿ ಮೂಟೆ ಹೊತ್ತ.

ಈಗ ಎಲ್ಲರೂ ಗೋದಾಮಿನಲ್ಲಿದ್ದಾರೆ. ನಿನ್ನ ಅಮ್ಮ ಎಲ್ಲರಿಗೂ ಗಂಜಿ ಬೇಯಿಸುತ್ತಿದ್ದಾಳೆ. ಕಾಲುವೆಯನ್ನು ಮುಚ್ಚಬೇಕಾ, ಒಡೆದು ನೀರು ಬಿಡಬೇಕಾ ಅಂತ ಕೇಳಿ ಬರೆ. ಬೇಗ ಬರೆ.

ತಾತ

*

ಮೈಸೂರು
22 ಜುಲೈ 2025

ಪ್ರೀತಿಯ ತಾತನಿಗೆ,

ಅದೇ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಮೇಡಂ ಹೇಳಿದ್ದು ಇಷ್ಟು: ಮಳೆ ನಿಲ್ಲುವವರೆಗೆ ಮುಚ್ಚುವುದೂ ಬೇಡ, ಒಡೆಯುವುದೂ ಬೇಡ, ಇಳಿಜಾರಿಗೆ ಯಾರೂ ಕಾಲಿಡಬಾರದು. ಕೆಂಪು ನೀರು, ವಾಲಿದ ಮರ, ಬಿರುಕು, ಮೂರೂ ಒಂದೇ ಮಾತು ಹೇಳುತ್ತವಂತೆ. ಜಿಲ್ಲೆಯ ಅಧಿಕಾರಿಗಳಿಗೆ ಅವರೇ ಬರೆದಿದ್ದಾರೆ. ರಸ್ತೆ ತೆರೆದ ಕೂಡಲೇ ತಾವೂ ಬರುತ್ತೇನೆ ಅಂದಿದ್ದಾರೆ, ಯಾವತ್ತು ಅಂತ ಹೇಳಿಲ್ಲ.

ಇಪ್ಪತ್ತೇಳನೇ ಪುಟವನ್ನು ಹರಿದು ಹಾಕಿದೆ. ಇಪ್ಪತ್ತೆಂಟನೆಯದನ್ನು ಬರೆದಿದ್ದೇನೆ, ಇದರ ಜೊತೆಗಿದೆ. ಗುಡ್ಡ ಜಾರಿದ ಮೇಲಿನ ಬೆಳಗು. ಕೊನೆಯ ಚೌಕ ಖಾಲಿ ಬಿಟ್ಟಿದ್ದೇನೆ, ಕೈ ಏಳುತ್ತಿಲ್ಲ.

ನೀವು ನೆತ್ತಿಗೆ ಹೋಗುವುದಿಲ್ಲ ಅಂತ ಬರೆಯಿರಿ. ಅದೊಂದನ್ನು ಬರೆಯಿರಿ ಸಾಕು.

ಮಾನಸ

*

ಚೆಟ್ಟಳ್ಳಿ
27 ಜುಲೈ 2025

ಮಾನಸಳಿಗೆ,

ಅದೊಂದನ್ನು ಬರೆಯುವುದಿಲ್ಲ. ನಾನು ಸುಳ್ಳು ಬರೆದರೆ ನೀನು ಅದನ್ನೂ ಪುಟ ಮಾಡಿಬಿಡುತ್ತೀಯ.

ಬಿರುಕಿನ ಆಚೆ ಒಂದು ಗೂಟ, ಈಚೆ ಒಂದು ಗೂಟ ಹೊಡೆದಿದ್ದೇನೆ. ಬೆಳಿಗ್ಗೆ ಹೋಗಿ ಗೇಣು ಹಾಕಿ ನೋಡಿ ಬರುತ್ತೇನೆ. ಯಾರಾದರೂ ನೋಡಬೇಕು. ಗೋದಾಮಿನಲ್ಲಿ ಕೂತವರು ದಿನಾ ಕೇಳುತ್ತಾರೆ, "ಬಿತ್ತಾ?" ಅಂತ. ಇಲ್ಲ ಅಂದರೆ ಮುಖ ಸಪ್ಪೆ ಮಾಡುತ್ತಾರೆ. ಬಿದ್ದಿದ್ದರೆ ನಾನು ಹೇಳಿದ್ದು ನಿಜ ಆಗುತ್ತಿತ್ತು. ಬೀಳಲಿಲ್ಲ, ಹಾಗಾಗಿ ನಾನು ಹುಚ್ಚು ಮುದುಕ. ಬೆಳ್ಯಪ್ಪ ಮ್ಯಾನೇಜರ್ ಹತ್ತಿರ ಬೈಸಿಕೊಂಡು ಬಂದಿದ್ದಾನೆ.

ಚೋಮಿ ನನ್ನ ಜೊತೆ ಮಾತು ಬಿಟ್ಟಿದ್ದಳು. ನಿನ್ನೆ ಬಾಯಿ ತೆರೆದಳು. "ಮೂರನೇ ತಾರೀಕು ಕಕ್ಕಡ ತಿಂಗ್ಳ ಹದಿನೆಂಟು, ಸೊಪ್ಪಿಗೆ ಮದ್ದು ಏರೋ ದಿನ. ಅವತ್ತು ಮದ್ದುಸೊಪ್ಪಿನ ಪಾಯಸ ನನ್ನ ಒಲೆ ಮೇಲೇ ಆಗ್ಬೇಕು ಗೌಡ್ರೆ, ಇನ್ನೊಬ್ರ ಗೋದಾಮಲ್ಲಿ ಅಲ್ಲ. ಸೊಪ್ಪು ಒರತೆ ಹತ್ರ ಇದೆ, ನಾನೇ ಹೋಗಿ ತರ್ತೀನಿ" ಅಂದಳು. ಸೊಪ್ಪನ್ನು ಪೇಟೆಯಿಂದ ತರಿಸುತ್ತೇನೆ ಅಂದೆ. "ಒಲೇನೂ ಪೇಟೆಯಿಂದ ತರಿಸ್ತೀರಾ?" ಅಂದಳು. ಅವಳು ಹೊರಟರೆ ಎಲ್ಲರೂ ಹೊರಡುತ್ತಾರೆ. ಪಾತ್ರೆಯನ್ನು ಎರಡನೇ ಸಲ ಎಸೆದರೆ ಅವಳು ಕೇಳುವವಳಲ್ಲ. ಅವಳನ್ನು ಅಲ್ಲಿಂದ ಎಬ್ಬಿಸಿದ್ದು ನಾನಲ್ಲ, ನಿನ್ನ ಪುಟ. ಹಿಡಿದು ನಿಲ್ಲಿಸುವುದಕ್ಕೆ ನನ್ನ ಹತ್ತಿರ ಬೇರೆ ಪುಟ ಇಲ್ಲ. ಇಪ್ಪತ್ತೆಂಟನ್ನು ತೋರಿಸಿದೆ. "ಇದ್ರಲ್ಲಿ ನನ್ನ ಮನೇನೇ ಇಲ್ವಲ್ಲ" ಅಂದು ಮಡಚಿ ಕೊಟ್ಟಳು.

ಹರಿದು ಹಾಕಿದೆ ಅಂದೆಯಲ್ಲ, ಹಾಗೆ ಮಾಡಬಾರದಿತ್ತು. ನನ್ನ ಹತ್ತಿರ ಇರುವುದೂ ಮಳೆಯಲ್ಲಿ ಕಲಸಿಹೋಗಿದೆ. ಕೂತು ಇನ್ನೊಂದು ಸಲ ಬರೆ. ಈ ಸಲ ಚೆಂದ ಮಾಡಬೇಡ. ಒರತೆ ಕೆಂಪಾಗಿರುವುದು, ಮರ ವಾಲಿರುವುದು, ಬಿರುಕು, ಅದರ ಕೆಳಗೆ ಚೋಮಿಯ ಒಲೆ. ಆ ಒಲೆಯ ಮುಂದೆ ಅವಳನ್ನೂ ಕೂರಿಸು. ನಾಯಿ ಇದೆ, ಮನೆ ಇದೆ, ಅವಳನ್ನು ಮಾತ್ರ ನೀನು ಬರೆದೇ ಇರಲಿಲ್ಲ. ಕೆಳಗೆ ಮೇಡಂ ಕೈಯಲ್ಲೇ ಎರಡು ಸಾಲು ಬರೆಸಿ ರುಜು ಹಾಕಿಸು. ಬೆಳ್ಯಪ್ಪ ಅದನ್ನು ಮ್ಯಾನೇಜರಿಗೆ ತೋರಿಸುತ್ತಾನಂತೆ.

ಇನ್ನೊಂದು ಮಾತು ಮೇಡಂ ಹತ್ತಿರ ಕೇಳಿ ಬರೆ. ಹದಿನೆಂಟನೇ ತಾರೀಖು ನಿನಗೆ ಬರೆದಾಗ ಬಿರುಕು ಒಂದು ಗೇಣು ಇತ್ತು. ಇವತ್ತು ಬೆಳಿಗ್ಗೆ ಗೇಣಿನ ಮೇಲೆ ನಾಲ್ಕು ಬೆರಳು. ನನ್ನ ಬೆರಳು ದಪ್ಪ, ಅದನ್ನೂ ಹೇಳು. ನಾಲ್ಕು ಬೆರಳು ಅಂದರೆ ಗುಡ್ಡ ನಿಲ್ಲುತ್ತದಾ, ಬರುತ್ತದಾ?

ಅಳುತ್ತಾ ಕೂರಬೇಡ. ಬಸ್ಸು ಮೈಸೂರಿನಿಂದ ಬೆಳಿಗ್ಗೆಯೇ ಹೊರಡುತ್ತದೆ. ಚೋಮಿ ಹೊರಡುವ ಮೊದಲು, ಆಗಸ್ಟ್ ಎರಡನೇ ತಾರೀಖಿನೊಳಗೆ ಪುಟ, ಉತ್ತರ ಎರಡೂ ನನ್ನ ಕೈಯಲ್ಲಿರಬೇಕು.

ಸಣ್ಣಸ್ವಾಮಿ